ಅನುಮಾನದಕ್ಕನ ಕಾಲಿಂಚು

ಬೆಳಗಿನ ಐದೂಮುಕ್ಕಾಲು. ಗೋಡೆ ಇನ್ನೂ ಏಳದ ಮನೆಯ ಹಿಂದಿನ ಮೂಲೆಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ನೀರು ತುಂಬಿದ, ಬೆರಳು ದಪ್ಪದ ಪ್ಲಾಸ್ಟಿಕ್ ಟ್ಯೂಬಿನ ಒಂದು ತುದಿ. ಇನ್ನೊಂದು ತುದಿ ರಸ್ತೆ ಬದಿಯ ಒಳಚರಂಡಿ ಚೇಂಬರಿನ ಹತ್ತಿರ, ಅವರ ತಮ್ಮನ ಕೈಯಲ್ಲಿ. ಟ್ಯೂಬಿನಲ್ಲಿ ನೀರು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ನೀರು ನಿಂತಲ್ಲಿಂದ ಕೆಳಗೆ ಅವರು ಟೇಪು ಹಿಡಿಯುತ್ತಾರೆ. ಮತ್ತೊಮ್ಮೆ ಹಿಡಿಯುತ್ತಾರೆ.

"ಎಷ್ಟಕ್ಕಾ?"

"ಇನ್ನೊಂದ್ಸಲ ಹಿಡಿ."

"ಮೂರು ಸಲ ಆಯ್ತು."

"ನಾಲ್ಕನೇದು ಹಿಡಿ. ನಿನ್ನ ಕೈಯೇನು ಸವೆದುಹೋಗಲ್ಲ."

ನಾಲ್ಕನೆಯ ಸಲವೂ ಅದೇ ಅಂಕಿ. ಈ ಮೂಲೆಯಿಂದ ಚೇಂಬರಿಗೆ ಮೂವತ್ತೆಂಟು ಅಡಿ. ಒಂದು ಅಡಿಗೆ ಕಾಲಿಂಚು ಇಳಿಜಾರು ಎಂದರೆ ಒಟ್ಟು ಒಂಬತ್ತೂವರೆ ಇಂಚು ಬೇಕು. ಪಾಯದ ಬೀಮಿನ ಕೆಳಗೆ ಹಾದು ಹೋಗಬೇಕಾದ್ದರಿಂದ ಹೊಲಸು ನೀರಿನ ಪೈಪನ್ನು ಮೇಲೆತ್ತುವಂತಿಲ್ಲ. ಊರಿನ ಚೇಂಬರನ್ನು ಕೆಳಗಿಳಿಸುವಂತಿಲ್ಲ. ಸಿಗುವುದು ಎಂಟೇ ಇಂಚು. ಒಂಬತ್ತು ಗಂಟೆಗೆ ನೆಲದ ಕಾಂಕ್ರೀಟ್ ಹೊತ್ತ ಲಾರಿ ಬರುತ್ತದೆ. ಆಮೇಲೆ ಈ ಮಣ್ಣನ್ನು ಯಾರೂ ನೋಡುವುದಿಲ್ಲ.

"ಕಾಂಕ್ರೀಟಿಗೆ ಕಿವಿ ಇಲ್ಲ" ಎನ್ನುತ್ತಾರೆ ಅವರು, ಟ್ಯೂಬು ಸುತ್ತುತ್ತ. "ಹಾಕಿದ್ಮೇಲೆ ಏನು ಹೇಳಿದ್ರೂ ಕೇಳಲ್ಲ. ಅದಕ್ಕೇ ಮೊದಲೇ ಹೆದರ್ಕೊಂಡುಬಿಡ್ತೀನಿ."

ಕೆಲಸದ ಜಾಗಗಳಲ್ಲಿ ಅವರನ್ನು ಕರೆಯುವುದು ಅನುಮಾನದಕ್ಕ ಎಂದು. ವಯಸ್ಸು ನಲವತ್ತೆಂಟು. ಹೊಸ ಮನೆಗಳಿಗೆ ನೀರು ಎಲ್ಲಿಂದ ಬರಬೇಕು, ಎಲ್ಲಿ ಹೋಗಬೇಕು ಎಂದು ಗೆರೆ ಹಾಕಿಕೊಡುವುದು ಅವರ ಕೆಲಸ. ಪೈಪು ಕತ್ತರಿಸಿ ಜೋಡಿಸುವವನು ತಮ್ಮ. ಹದಿನಾಲ್ಕು ವರ್ಷದಲ್ಲಿ ನೂರ ಅರವತ್ತಮೂರು ಮನೆ. ಇದು ನೂರ ಅರವತ್ತನಾಲ್ಕನೆಯದು. ಒಂದೊಂದು ಮನೆಗೂ ಒಂದೊಂದು ಶಾಲಾ ನೋಟ್‌ಬುಕ್ಕು. ಗೋಡೆಗೆ ಮೊಳೆ ಹೊಡೆಯುವ ಮೊದಲು, ಒಳಗೆ ಪೈಪಿದೆಯೇ ಎಂದು ಫೋನು ಮಾಡಿ ಕೇಳುವ ಮನೆಯವರಿದ್ದಾರೆ. ಅವರ ಮುಖ ಅಕ್ಕನಿಗೆ ಮರೆತಿರುತ್ತದೆ, ಗೋಡೆಯ ಒಳಗಿನದು ಮರೆತಿರುವುದಿಲ್ಲ.

"ಹಗ್ಗ ಕಂಡ್ರೂ ಹಾವು ಅಂತಾಳೆ ನಮ್ಮಕ್ಕ" ಎಂದು ತಮ್ಮ ನಗುತ್ತಾನೆ. "ಇವಳು ನಂಬೋದು ನೀರನ್ನ ಮಾತ್ರ."

"ಅದೂ ಟ್ಯೂಬಲ್ಲಿ ಕಟ್ಟಿಹಾಕಿದ ಮೇಲೆ" ಎಂದು ಗಾರೆ ಮೇಸ್ತ್ರಿ ಸೇರಿಸುತ್ತಾನೆ. ಅಕ್ಕ ನಗುವುದಿಲ್ಲ. ಕಾಂಕ್ರೀಟಿನ ದಿನ ಅವರು ನಗುವುದಿಲ್ಲ, ತಿಂಡಿಯನ್ನೂ ತಿನ್ನುವುದಿಲ್ಲ.

ಈ ಕೆಲಸಕ್ಕೆ ಅವರು ಬಂದದ್ದು ಆಸ್ಪತ್ರೆಯಿಂದ. ಹೆಂಗಸರ ವಾರ್ಡಿನಲ್ಲಿ ಹನ್ನೊಂದು ವರ್ಷ ನೆಲ ಒರೆಸಿದರು. ಆ ವಾರ್ಡಿನ ಶೌಚಾಲಯ ಮೂರು ದಿನಕ್ಕೊಮ್ಮೆ ಕಟ್ಟಿಕೊಂಡು ಹೊಲಸೆಲ್ಲ ಬಾಗಿಲಿಗೆ ಬರುತ್ತಿತ್ತು. ಮೂರು ದಿನಕ್ಕೊಮ್ಮೆ ಒಬ್ಬ ಮುದುಕ ಪ್ಲಂಬರ್ ಬಂದು ಬಿಡಿಸಿ ಹೋಗುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದರಂತೆ: ಇದಕ್ಕೆ ಕೊನೆ ಇಲ್ಲವಾ? ಅವನು ನೆಲಕ್ಕೆ ಬೆರಳು ತೋರಿಸಿದ. ಕಟ್ಟುವಾಗ ಯಾರೋ ಪೈಪನ್ನು ಕಣ್ಣಂದಾಜಿನಲ್ಲಿ ಮಲಗಿಸಿದ್ದಾರೆ, ಅವನು ಹಾಯಾಗಿ ಮನೆಗೆ ಹೋದ, ನೀನು ಒರೆಸು ಎಂದ. "ಆ ಯಾರೋ ಒಬ್ಬನ ಮೇಲೆ ನಂಗೆ ಹನ್ನೊಂದು ವರ್ಷ ಸಿಟ್ಟಿತ್ತು" ಎನ್ನುತ್ತಾರೆ ಅಕ್ಕ. ಮುದುಕನ ಹಿಂದೆ ಬಿದ್ದು ಲೆಕ್ಕ ಕಲಿತರು. ತಮ್ಮ ಆಗಲೇ ಪೈಪು ಜೋಡಿಸುತ್ತಿದ್ದ. ಇಬ್ಬರೂ ಸೇರಿದರು.

ಮೂರನೆಯ ಮನೆಯಲ್ಲೇ ಎಡವಿದರು. ಇಳಿಜಾರು ಹೆಚ್ಚಾದಷ್ಟೂ ಒಳ್ಳೆಯದು ಎಂಬ ಅಲ್ಲಿನ ಮೇಸ್ತ್ರಿಯ ಮಾತಿಗೆ ತಲೆಯಾಡಿಸಿದ್ದರು. ಎಂಟು ತಿಂಗಳಿಗೆ ಪೈಪು ಕಟ್ಟಿಕೊಂಡಿತು. ತೀರಾ ಇಳಿಜಾರಾದರೆ ನೀರು ಮುಂದೆ ಓಡಿಹೋಗುತ್ತದೆ, ಹೊಲಸು ಹಿಂದೆ ಕೂರುತ್ತದೆ. ತೀರಾ ಕಡಿಮೆಯಾದರೆ ಎರಡೂ ಕೂರುತ್ತವೆ. ಅಕ್ಕ ಐದು ದಿನ ಆ ಮನೆಯಲ್ಲಿ ನೆಲ ಅಗೆದು ತಾವೇ ಸರಿಮಾಡಿದರು. ಆ ಮನೆಯ ಯಜಮಾನಿ ಐದೂ ದಿನ ಒಂದು ಮಾತೂ ಆಡಲಿಲ್ಲವಂತೆ. "ಬೈದಿದ್ರೆ ಮರೆತುಬಿಡ್ತಿದ್ದೆ" ಎನ್ನುತ್ತಾರೆ.

ಈಗಲೂ ಹೊಸ ಜಾಗಕ್ಕೆ ಹೋದರೆ ಕಂಟ್ರಾಕ್ಟರು ತಮ್ಮನತ್ತ ತಿರುಗಿ ಮಾತಾಡುತ್ತಾನೆ. ತಮ್ಮ ಅಕ್ಕನತ್ತ ತಿರುಗುತ್ತಾನೆ. ಅಕ್ಕನಿಗೆ ಇದು ಅಭ್ಯಾಸವಾಗಿದೆ. ಅಭ್ಯಾಸವಾಗದಿರುವುದು ಮಂಡಿ ನೋವು ಮಾತ್ರ. ದಿನಕ್ಕೆ ಐವತ್ತು ಅರವತ್ತು ಸಲ ಕೂತು ಏಳಬೇಕು.

ಗೆರೆ ಹಾಕುವ ಮೊದಲು ಅಕ್ಕ ಮಾಡಿಸುವ ಒಂದು ಕೆಲಸವಿದೆ. ಬೇರೆ ಪ್ಲಂಬರುಗಳು ಅದಕ್ಕೆ ಮೂಗು ಮುರಿಯುತ್ತಾರೆ. ಮನೆಮಂದಿಯನ್ನೆಲ್ಲ ಖಾಲಿ ಜಾಗಕ್ಕೆ ಕರೆಸಿ, ಸುಣ್ಣದ ಪುಡಿಯಲ್ಲಿ ಕೋಣೆಗಳನ್ನು ಬರೆದು, ಒಂದು ಬೆಳಗನ್ನು ಬದುಕಿ ತೋರಿಸಿ ಎನ್ನುತ್ತಾರೆ. ಮಲಗಿ, ಏಳಿ, ಮುಖ ತೊಳೆಯಿರಿ, ಸಾಲಾಗಿ ನಿಲ್ಲಿ, ಜಗಳ ಆಡಿ. ನಕ್ಷೆಯಲ್ಲಿ ಯಾರಿಗೂ ಅವಸರ ಇರುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಇರುತ್ತದೆ ಎನ್ನುವುದು ಅವರ ವಾದ.

ಈ ಮನೆ ಒಬ್ಬ ಮೇಷ್ಟ್ರದು. ಅವರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೇಷ್ಟ್ರ ತಾಯಿ. ಪರೀಕ್ಷೆಯ ಕೆಲಸ ಮುಗಿದು ಎಲ್ಲರೂ ಬರಲು ಸಾಧ್ಯವಾದದ್ದು ನಿನ್ನೆ ಸಂಜೆ, ಮುಂದಿನ ಬಚ್ಚಲಿನ ಪೈಪು ಹಾಕಿಯಾದ ಮೇಲೆ. ಹುಡುಗಿಯರು ಸುಣ್ಣದ ಗೆರೆಗಳ ನಡುವೆ ನಗುತ್ತ ಹಲ್ಲುಜ್ಜಿದರು. ಮೇಷ್ಟ್ರು ಮುಂದಿನ ಬಚ್ಚಲಿನ ಹೊರಗೆ ನಿಂತು, ಇಲ್ಲದ ಬಾಗಿಲನ್ನು ಬಡಿದರು. ಅಜ್ಜಿ ಮಾತ್ರ ಹಿಂದಿನ ಕೋಣೆಯ ಗೆರೆಯೊಳಗೆ ಕುರ್ಚಿ ಹಾಕಿಕೊಂಡು ಕೂತೇ ಇದ್ದರು.

"ಅಜ್ಜಿ, ನೀವೂ ಬಚ್ಚಲಿಗೆ ಹೋಗಿ ಬನ್ನಿ" ಎಂದರು ಅಕ್ಕ.

"ನಂಗೆ ಬೆಳಗಿನ ಜಾವ ಬರೋದೇ ಇಲ್ಲಮ್ಮ."

"ರಾತ್ರಿ?"

"ರಾತ್ರಿನೂ ಇಲ್ಲ. ನಂದೇನೂ ತೊಂದ್ರೆ ಇಲ್ಲ, ನೀನು ಅವರದ್ದು ನೋಡು."

ಅನುಮಾನ ಅಲ್ಲಿ ಹುಟ್ಟಿತು. ಅಕ್ಕ ಕುರ್ಚಿಯ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿದರು: "ಅಜ್ಜಿ, ನೀರು ಎಷ್ಟು ಹೊತ್ತಿಗೆ ನಿಲ್ಲಿಸ್ತೀರಿ?"

ಅಜ್ಜಿ ಬಹಳ ಹೊತ್ತು ಸೆರಗು ಸರಿಮಾಡಿಕೊಂಡರು. "ಮಧ್ಯಾಹ್ನ ಊಟಕ್ಕೆ ಒಂದು ಲೋಟ. ಆಮೇಲೆ ಮುಟ್ಟಲ್ಲ."

ಈಗಿರುವ ಬಾಡಿಗೆ ಮನೆಯಲ್ಲಿ ಶೌಚಾಲಯ ಹೊರಗೆ, ನಾಲ್ಕು ಮೆಟ್ಟಿಲ ಕೆಳಗೆ. ರಾತ್ರಿ ಎದ್ದರೆ ಮಗನನ್ನು ಎಬ್ಬಿಸಬೇಕು. ಎಬ್ಬಿಸಬಾರದೆಂದು ಅಜ್ಜಿ ನೀರನ್ನೇ ಬಿಟ್ಟರು. ವರ್ಷದಲ್ಲಿ ಎರಡು ಸಲ ಉರಿಮೂತ್ರ, ಚಳಿಜ್ವರ ಎಂದು ಆಸ್ಪತ್ರೆ ಸೇರಿದ್ದಾರೆ. ವಯಸ್ಸಿನದು ಎಂದುಕೊಂಡಿದ್ದರು ಮನೆಯವರು. ಹೊಸ ಮನೆಯಲ್ಲೂ ಅವರ ಹಾಸಿಗೆಯಿಂದ ಬಚ್ಚಲಿಗೆ ಮೂವತ್ತು ಹೆಜ್ಜೆ, ಕತ್ತಲ ಹಜಾರದಲ್ಲಿ.

"ವಾರ್ಡಲ್ಲಿ ಇಂಥೋರನ್ನ ದಿನಾ ನೋಡ್ತಿದ್ದೆ" ಎನ್ನುತ್ತಾರೆ ಅಕ್ಕ. "ಬೆಡ್‌ಪ್ಯಾನ್ ಕೇಳೋಕೆ ನಾಚಿಕೆ, ಅದಕ್ಕೆ ನೀರು ಕುಡಿಯಲ್ಲ. ನಾಲಿಗೆ ಒಣಗಿ ಹಪ್ಪಳ ಆಗಿರುತ್ತೆ. ಕೇಳಿದ್ರೆ ಬಾಯಾರಿಕೆ ಇಲ್ಲ ಅಂತಾರೆ."

ಅಜ್ಜಿಯ ಕೋಣೆಗೇ ಒಂದು ಶೌಚಾಲಯ ಎಂದು ನಿನ್ನೆ ಕತ್ತಲಾಗುವ ಹೊತ್ತಿಗೆ ತೀರ್ಮಾನವಾಯಿತು. ಹಿಂದಿನ ಮೂಲೆ ಎಂದು ಗುರುತು ಹಾಕಿದರು. ಅಳೆಯಲು ಬೆಳಕಿರಲಿಲ್ಲ. ಈಗ ಬೆಳಕಿದೆ. ಒಂದೂವರೆ ಇಂಚು ಇಲ್ಲ.

ಆರೂಕಾಲಿಗೆ ಮೇಷ್ಟ್ರು ಹೆಂಡತಿಯೊಂದಿಗೆ ಬರುತ್ತಾರೆ. ಮೇಸ್ತ್ರಿ ಬೀಮು ಒಡೆಯೋಣ ಎನ್ನುತ್ತಾನೆ. "ನಿನ್ನ ಬೆನ್ನುಮೂಳೆ ಒಡೀಲಾ?" ಎಂದು ಅಕ್ಕ ಕೇಳುತ್ತಾರೆ. ತಮ್ಮ, ಸ್ವಲ್ಪ ಕಡಿಮೆ ಇಳಿಜಾರಿಗೂ ನಡೆಯುತ್ತದಲ್ಲ ಎನ್ನುತ್ತಾನೆ. ನಡೆಯುತ್ತದೆ, ಅಕ್ಕನಿಗೂ ಗೊತ್ತು. ಎಲ್ಲ ಸರಿಯಿದ್ದರೆ ನಡೆಯುತ್ತದೆ. ಎಲ್ಲ ಸರಿಯಿರುವ ಮನೆಯನ್ನು ಅವರು ಇನ್ನೂ ನೋಡಿಲ್ಲ. "ಕಟ್ಕೊಂಡ್ರೆ ಯಾರ ಕೋಣೆಗೆ ಬರುತ್ತೆ? ಅಜ್ಜಿ ಕೋಣೆಗೆ. ಅವತ್ತಿಂದ ಆ ಒಂದು ಲೋಟನೂ ಬಿಡ್ತಾರೆ."

ಅವರು ಸುಣ್ಣದ ಗೆರೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾರೆ. ಅಡುಗೆಮನೆಗೂ ಅಜ್ಜಿಯ ಕೋಣೆಗೂ ನಡುವಿನ ಸಣ್ಣ ಚೌಕದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಚೇಂಬರಿಗೆ ಮೂವತ್ತೊಂದು ಅಡಿ. ಏಳೂಮುಕ್ಕಾಲು ಇಂಚು ಸಾಕು. ಕಾಲಿಂಚು ಮಿಗುತ್ತದೆ. ಅರ್ಧ ದಾರಿಯಲ್ಲಿ ಮುಂದಿನ ಬಚ್ಚಲಿನ ಪೈಪಿಗೇ ಸೇರಿಸಬಹುದು. ಹೊಸದಾಗಿ ತೋಡಬೇಕಾದ್ದು ಹದಿನಾಲ್ಕು ಅಡಿ ಮಾತ್ರ.

ಆದರೆ ಆ ಚೌಕ ಉಗ್ರಾಣ. ಅಜ್ಜಿಯ ಸೊಸೆ ಇಡೀ ಮನೆಯಲ್ಲಿ ತನಗಾಗಿ ಕೇಳಿದ್ದು ಅದೊಂದನ್ನೇ. ಕಪಾಟಿನ ಅಳತೆಯನ್ನು ಬಡಗಿಗೆ ಕೊಟ್ಟಾಗಿದೆ.

ಮೇಷ್ಟ್ರು ಹೆಂಡತಿಯ ಮುಖ ನೋಡುತ್ತಾರೆ, ಆಮೇಲೆ ತಮ್ಮದೇ ಚಪ್ಪಲಿ ನೋಡಿಕೊಳ್ಳುತ್ತಾರೆ.

"ನನ್ನ ಮುಖ ಯಾಕೆ ನೋಡ್ತೀರಿ" ಎನ್ನುತ್ತಾರೆ ಆಕೆ. "ಹದಿನಾರು ವರ್ಷದಿಂದ ಡಬ್ಬಗಳು ಮಂಚದ ಕೆಳಗೇ ಇವೆ. ಅಲ್ಲೇ ಇರ್ಲಿ, ಅವಕ್ಕೂ ಅಭ್ಯಾಸ ಆಗಿದೆ." ಆಮೇಲೆ: "ಅತ್ತೆ ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು. ಮಗನ್ನ ಎಬ್ಬಿಸಬಾರ್ದು ಸರಿ, ನನ್ನ ಎಬ್ಬಿಸೋಕೇನಾಗಿತ್ತು?"

ಅಕ್ಕ ಉಗ್ರಾಣದ ಚೌಕದಿಂದ ಹೊಸ ಗೆರೆ ಎಳೆಯುತ್ತಾರೆ. ಹಾರೆ ಗುದ್ದಲಿಗಳ ಸದ್ದು ಶುರುವಾಗುತ್ತದೆ.

ಎಂಟೂವರೆಗೆ ಪೈಪು ಮಲಗುತ್ತದೆ. ಕಾಂಕ್ರೀಟ್ ಲಾರಿ ಹದಿನೈದು ನಿಮಿಷ ಮೊದಲೇ ಬಂದು ರಸ್ತೆಯಲ್ಲಿ ಉರುಳೆ ತಿರುಗಿಸುತ್ತ ನಿಲ್ಲುತ್ತದೆ. ಇವತ್ತು ಹಾಕಿಸಿಕೊಳ್ಳದಿದ್ದರೆ ಮತ್ತೆ ಬರುವುದು ಇಪ್ಪತ್ತು ದಿನಕ್ಕೆ. ಅಷ್ಟರಲ್ಲಿ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಿರುತ್ತಾನೆ.

ಅಕ್ಕ ಹಳೆಯ ಪತ್ರಿಕೆ ನೆನೆಸಿ ಮೂರು ಉಂಡೆ ಕಟ್ಟುತ್ತಾರೆ. ಉಂಡೆಗಳನ್ನು ಪೈಪಿನ ಬಾಯಿಗೆ ಹಾಕಿ ಒಂದು ಬಕೆಟ್ ನೀರು ಸುರಿಯುತ್ತಾರೆ. ಚೇಂಬರಿನ ಹತ್ತಿರ ತಮ್ಮ ಬಗ್ಗಿದ್ದಾನೆ.

"ನೀರು ಬಂತು. ಒಂದು ಉಂಡೆ. ಎರಡು."

"ಮೂರನೇದು?"

"ನೀರು ನಿಂತೋಯ್ತು ಅಕ್ಕಾ."

ಲಾರಿಯವನು ಹಾರ್ನ್ ಮಾಡುತ್ತಾನೆ. ಎರಡು ಬಂತಲ್ಲ, ಸಾಕು ಬಿಡಿ ಎನ್ನುತ್ತಾನೆ ಮೇಸ್ತ್ರಿ. ಅಕ್ಕ ಪೈಪಿನ ಮೇಲೆ ಅಂಗೈ ಒತ್ತುತ್ತ, ಒಂದೊಂದೇ ಅಡಿ ಮಂಡಿಯ ಮೇಲೆ ಸರಿಯುತ್ತಾರೆ. ಒಂಬತ್ತನೆಯ ಅಡಿಯಲ್ಲಿ ಪೈಪು ಕೈಗೆ ಅಲುಗುತ್ತದೆ. ಅವಸರದಲ್ಲಿ ತುಂಬಿದ ಮಣ್ಣು ಕುಸಿದು, ಪೈಪು ಅಲ್ಲಿ ಕೆಳಕ್ಕೆ ಹೊಟ್ಟೆ ಬಿಟ್ಟಿದೆ. ಕಣ್ಣಿಗೆ ಕಾಣುವಂಥದ್ದಲ್ಲ. ತಮ್ಮ ಓಡಿಬಂದು ಮರಳು ಹಾಕಿ, ಗುದ್ದಿ ದಮ್ಮಸು ಮಾಡುತ್ತಾನೆ. ಅಕ್ಕ ಮತ್ತೆ ಟ್ಯೂಬು ಹಿಡಿಯುತ್ತಾರೆ. ಲಾರಿಯವನು ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ.

"ಏನಮ್ಮ, ಪೈಪಿಗೆ ಜ್ವರ ನೋಡ್ತಿದ್ದೀರಾ?"

"ಹೂಂ. ನಿಂದೂ ನೋಡ್ತೀನಿ, ಅಲ್ಲೇ ನಿಂತಿರು."

ಎರಡನೆಯ ಬಕೆಟ್. ಸಿಕ್ಕಿಬಿದ್ದ ಉಂಡೆಯ ಜೊತೆಗೆ ಹೊಸ ಮೂರು. ತಮ್ಮ ದೂರದಿಂದ ನಾಲ್ಕು ಬೆರಳು ಎತ್ತುತ್ತಾನೆ. ಅಕ್ಕ ನಂಬದೆ ಚೇಂಬರಿಗೆ ನಡೆದು ಹೋಗಿ ಉಂಡೆಗಳನ್ನು ತಾವೇ ಎಣಿಸಿ ಬರುತ್ತಾರೆ. ಇನ್ನೂ ಮೂರು ಕಟ್ಟಿ ಹಾಕಿಸುತ್ತಾರೆ. ಅವೂ ಬರುತ್ತವೆ. ಆಮೇಲೆ ಲಾರಿಯವನಿಗೆ ಕೈಸನ್ನೆ ಮಾಡುತ್ತಾರೆ.

ಬೂದು ಬಣ್ಣದ ಕಾಂಕ್ರೀಟು ಹದಿನಾಲ್ಕು ಅಡಿಯನ್ನು ಮುಚ್ಚಲು ಆರು ನಿಮಿಷ ಸಾಕಾಗುತ್ತದೆ. ಅಕ್ಕ ಎದ್ದು ಹೋಗುವುದಿಲ್ಲ. ಮೇಲೆ ಓಡಾಡುವ ಬೂಟುಗಳನ್ನು ನೋಡುತ್ತ, ಯಾವುದು ಯಾವ ಜೋಡಣೆಯ ಮೇಲೆ ಬಿತ್ತು ಎಂದು ಲೆಕ್ಕ ಹಾಕುತ್ತಿರುತ್ತಾರೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂಬತ್ತನೆಯ ಅಡಿಗೆ ಒಂದು ಚುಕ್ಕೆ ಇಡುತ್ತಾರೆ.

ಸಮಾಧಾನವಾಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ, ಇಲ್ಲ ಎಂದು. "ಏಳೆಂಟು ತಿಂಗಳಾಗಬೇಕು. ಇವರು ಬಂದು ಸೇರ್ಕೊಳ್ಳಲಿ. ಒಂದು ಬೆಳಗಿನ ಜಾವ ಬಂದು ಆ ಚೇಂಬರ್ ಹತ್ರ ನಿಂತ್ಕೋತೀನಿ. ಹುಚ್ಚಿ ಅಂದ್ರೆ ಅನ್ಲಿ. ಎಲ್ಲರೂ ಮಲಗಿರೋ ಹೊತ್ತಲ್ಲಿ ಈ ಪೈಪಲ್ಲಿ ನೀರಿಳಿದ ಸದ್ದು ಒಂದ್ಸಲ ಕೇಳಿದ್ರೆ ಸಾಕು. ಅಜ್ಜಿ ನೀರು ಕುಡಿದು ಮಲಗಿದ್ರು ಅಂತ ತಿಳ್ಕೋತೀನಿ."