ಹರಿಶ್ಚಂದ್ರ ಘಾಟಿನಲ್ಲಿ ನಿಂತ ಚುಕ್ಕಿ

ಕಳೆದ ಕಾರ್ತಿಕದ ಮಾತು. ಕಾಶಿಯ ಹರಿಶ್ಚಂದ್ರ ಘಾಟಿಗೆ ಇಳಿಯುವ ಗಲ್ಲಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ, ಬಂಗಾಲಿ ಟೋಲಾ ಓಣಿಯಲ್ಲಿ ನಾನಿರುವ ಕನ್ನಡ ಮಠದ ವಸತಿಗೃಹಕ್ಕೆ ನಾನೇ ‘ನೆಟ್‌ವರ್ಕ್ ಅಧಿಕಾರಿ’. ನೇಮಿಸಿಕೊಂಡವನೂ ನಾನೇ. ಗುಜರಿ ರೌಟರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಆ ದಪ್ಪ ಕಲ್ಲುಗೋಡೆಗಳ ನಡುವೆ ವೈಫೈ ಹರಿಸುವುದು ನನ್ನ ಹವ್ಯಾಸ.

ಇನ್ನೊಂದು ಚಟ ದನಿ ಅನುಕರಣೆ. ಕಾಶಿಯಲ್ಲೇ ಹುಟ್ಟಿದ ನನಗೆ ಕನ್ನಡ ಬಂದದ್ದೇ ಹಾಗೆ, ಕೊನೆಗಾಲಕ್ಕೆಂದು ಇಲ್ಲಿಗೆ ಬಂದ ಅಜ್ಜಿಯರನ್ನು ಅಣಕಿಸುತ್ತಾ. ಅವರಲ್ಲಿ ಕೆಲವರು ಈಗ ನನ್ನ ಗಂಟಲಿನಲ್ಲಿ ಮಾತ್ರ ಉಳಿದಿದ್ದಾರೆ.

ಒಂದು ಬೆಳಿಗ್ಗೆ ನಮ್ಮ ವಸತಿಗೃಹದಲ್ಲೇ ಇರುವ ಗದಗ ಕಡೆಯ ಶಾಂತವ್ವಜ್ಜಿ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

“ಮೊಣಕಾಲು ನೋಯ್ತಾವಂತ ನಿನ್ನೆ ಮಾತಾಡೀನಿ. ಇವತ್ತ ಇದು ಎಣ್ಣಿ ಮಾರಾಕ ಬಂದೈತಿ! ಯಾರೋ ಒಳಗ ಕುಂತು ಕೇಳಾಕತ್ತಾರ.”

“ನಾನ ಕುಂತೀನಿ,” ಎಂದೆ, ಅವಳದೇ ದನಿಯಲ್ಲಿ.

“ಬಾಯಿ ಮುಚ್ಚಿ ರಿಪೇರಿ ಮಾಡೋ, ಮಂಗ್ಯಾ.”

ಫೋನಿನ ಮೈಕ್, ಕ್ಯಾಮೆರಾ, ಲೊಕೇಷನ್‌ಗಳನ್ನು ಯಾವ ಆಪ್ ಬಳಸಬಹುದು ಎಂಬ ಒಪ್ಪಿಗೆಗೆ ಪರ್ಮಿಷನ್ ಎನ್ನುತ್ತಾರೆ. ಶಾಂತವ್ವಜ್ಜಿಯ ಫೋನಿನಲ್ಲಿ ಅದು ಛತ್ರದ ಊಟದಂತೆ ಬಂದವರಿಗೆಲ್ಲ ಸಿಕ್ಕಿತ್ತು. ಒಂದನ್ನೂ ಬಿಡದೆ ಕಿತ್ತೆ. ಇನ್ನು ಕಾಶಿಯ ಕಾವಲುಗಾರ ಕಾಲಭೈರವನಿಗೂ ನೀನೆಲ್ಲಿದ್ದೀ ಎಂದು ತಿಳಿಯದು ಎಂದು ಬೀಗಿ ಕಳಿಸಿದೆ.

ಮಧ್ಯಾಹ್ನ ಮಠದ ಮ್ಯಾನೇಜರ್ ಭಟ್ಟರು ಏದುಸಿರು ಬಿಡುತ್ತಾ ಬಂದರು. “ಅರೆ ಭೈಯಾ, ಶಾಂತವ್ವನ್ನ ನೋಡಿದ್ಯಾ? ಊರಲ್ಲಿ ಅವರ ಹೆಸರಿಗೆ ತಲೆಮೇಲೆ ನೀರು ಹಾಕ್ಕೊಂಡು ಕೂತಿದ್ದಾರಂತೆ!”

ಸತ್ತವಳು ವಸತಿಗೃಹದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಿ ಕೇಳಿದಾಗ ಕಥೆ ಹೊರಬಿತ್ತು. ಊರಿನಲ್ಲಿ ಅವಳ ತಂಗಿ ಪಾರವ್ವ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾಳೆ. ಕಾಶಿಗೆ ಬಂದರೆ ಇಬ್ಬರೂ ಕೂಡಿ ಬರಬೇಕೆಂದು ಹರಕೆ ಹೊತ್ತವರು. ತಂಗಿ ಬರಲಾರಳೆಂದು ತಿಳಿದ ಮೇಲೆ, ಅಕ್ಕ ತನ್ನ ಲೊಕೇಷನ್ ಅವಳಿಗೆ ಕಾಣುವಂತೆ ಯಾರಿಂದಲೋ ಮಾಡಿಸಿಕೊಂಡು ಬಂದಿದ್ದಳು. ಅಕ್ಕ ದಿನಾ ಕೇದಾರ ಘಾಟಿಗೆ ನಡೆಯುವಾಗ, ತಂಗಿ ಮಲಗಿದಲ್ಲೇ ಮೊಬೈಲಿನ ನಕ್ಷೆಯ ಮೇಲೆ ಅಕ್ಕನನ್ನು ತೋರಿಸುವ ಚುಕ್ಕಿಯ ಹಿಂದೆ ಹೋಗುತ್ತಿದ್ದಳು. ಅದೇ ಅವಳ ಕಾಶಿಯಾತ್ರೆ.

ನಾನು ಲೊಕೇಷನ್ ಕಿತ್ತಿದ್ದಕ್ಕೆ ಆ ಚುಕ್ಕಿ ಇವತ್ತು ನನ್ನ ಅಂಗಡಿಯಲ್ಲಿ, ಅಂದರೆ ಹರಿಶ್ಚಂದ್ರ ಘಾಟಿನ ಸುಡುಗಾಡಿನ ಪಕ್ಕದಲ್ಲಿ, ನಿಂತೇಬಿಟ್ಟಿತ್ತು. ಸತ್ತವರಿಗೆ ಯಾರು ಫೋನ್ ಮಾಡುತ್ತಾರೆ? ಮಠಕ್ಕೆ ಮಾಡಿದ್ದರು.

ಕೂಡಲೇ ಶಾಂತವ್ವಜ್ಜಿ ಕರೆ ಮಾಡಿದಳು. “ಪಾರೂ, ನಾ ಅದೀನವಾ.”

“ಏ ಮಂಗ್ಯಾ, ನಮ್ಮಕ್ಕನ ದನಿ ಮಾಡಬ್ಯಾಡೋ!” ಎಂದು ಆ ಕಡೆ ಅಳು ಜೋರಾಯಿತು. ಹಿಂದೊಮ್ಮೆ ಶಾಂತವ್ವಜ್ಜಿಯ ಫೋನೆತ್ತಿ, ಅಕ್ಕನ ದನಿಯಲ್ಲಿ ಹಲೋ ಎಂದು ಪಾರವ್ವನಿಂದ ಸೊಸೆಯಂದಿರ ಸುದ್ದಿಯನ್ನೆಲ್ಲ ಕೇಳಿಸಿಕೊಂಡಿದ್ದೆ. ಅದರ ಬಡ್ಡಿ ಇದು. ವಿಡಿಯೋ ಹಚ್ಚಿದೆವು. ಊರಿನ ದುರ್ಬಲ ಸಿಗ್ನಲ್ಲಿಗೆ ಅಜ್ಜಿಯ ಮುಖ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಸ್ತಬ್ಧವಾಗಿ ನಿಂತಿತು. ಈಗಂತೂ ಹೆಣವನ್ನೇ ತೋರಿಸಿದಂತಾಯಿತು.

ಲೊಕೇಷನ್ ಮತ್ತೆ ತೆರೆದೆ. “ನಡೀ ಅಜ್ಜಿ, ಕೇದಾರಕ್ಕೆ.”

“ಫೋನು ಆ ಹುಡುಗ ಹಿಡಕೊಂಡು ನಡೀತಿದ್ರ?” ಎಂದಳು ಪಾರವ್ವ. ಅನುಮಾನ ನ್ಯಾಯವಾದದ್ದೇ. ಕರೆ ಕತ್ತರಿಸದೆ, ಇಬ್ಬರೂ ಗಲ್ಲಿಗೆ ಇಳಿದೆವು. ಅರ್ಧ ದಾರಿಯಲ್ಲಿ ಹಾಲಿನಂಗಡಿಯ ಕಟ್ಟೆ ಬಂತು. ಶಾಂತವ್ವಜ್ಜಿ ಎಂದಿನಂತೆ ಅಲ್ಲಿ ಕುಳಿತು ಮೊಣಕಾಲು ಒತ್ತಿಕೊಂಡಳು. ಚುಕ್ಕಿ ದಿನಾ ನಿಲ್ಲುತ್ತಿದ್ದ ಜಾಗದಲ್ಲೇ, ದಿನಾ ನಿಲ್ಲುವಷ್ಟೇ ಹೊತ್ತು ನಿಂತಿತು.

ಫೋನಿನಲ್ಲಿ ಅಳು ನಿಂತಿತು. “ಅಕ್ಕಾ, ಭಾಳ ನೋಯ್ತಾವೇನ?”

“ನೀ ಇದ್ದಿದ್ರ ನಿನ್ನ ಹೆಗಲ ಹಿಡಕೊಂಡು ನಡೀತಿದ್ದೆ.”

ನಾನು ಹಾಲಿನಂಗಡಿಯ ಭೈಯಾನನ್ನು ನೋಡುತ್ತಾ ನಿಂತೆ. ಅಣಕಿಸಲಾಗದ ದನಿಗಳೂ ಇವೆ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಕದ ಹಾಕುವ ಮೊದಲು, ಆಚೆ ಯಾರಾದರೂ ಇಣುಕಿ ನೋಡುತ್ತಾ ಕಾಯುತ್ತಿದ್ದಾರೆಯೇ ಎಂದು ಕೇಳಬೇಕು. ಈಗ ಯಾರ ಫೋನ್ ಬಂದರೂ ಮೊದಲು ಅದನ್ನೇ ಕೇಳುತ್ತೇನೆ. ನನ್ನ ಫೋನ್ ಮಾತ್ರ ಆವತ್ತಿನವರೆಗೆ ಕೋಟೆಯಂತೆ ಭದ್ರವಾಗಿತ್ತು. ನಾನೆಲ್ಲಿದ್ದೇನೆ ಎಂದು ಭೂಮಿಯ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ವಾಪಸು ಬರುವಾಗ ಶಾಂತವ್ವಜ್ಜಿ ನನ್ನ ಹೆಗಲು ಹಿಡಿದು ಕೇಳಿದಳು: “ನಿನ್ನ ಚುಕ್ಕಿ ಯಾರು ನೋಡ್ತಾರೋ?”

ಫೋನ್ ತೆಗೆದು, ಖಾಲಿ ಪಟ್ಟಿಯನ್ನು ಅವಳ ಮುಂದೆ ಹಿಡಿದೆ.

“ನನ್ನ ಫೋನಿಗೆ ಹಚ್ಚು. ಊಟಕ್ಕ ತಡ ಮಾಡಿದ್ರ ಎಲ್ಲಿ ಸತ್ತಾನಂತ ನೋಡ್ತೀನಿ.”

ಪರ್ಮಿಷನ್ ಕೊಟ್ಟೆ.