ನನ್ನ ಹೆಸರಿಲ್ಲದ ಸಾಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ನಿಮಗೆ ಸರಿಯಾಗಿ ನೆನಪಿದೆಯೇ? ಈಗ ಅದನ್ನು ನನಗೇ ಕೇಳಿಕೊಳ್ಳುತ್ತೇನೆ. ಉತ್ತರ ದಿನಕ್ಕೊಂದು ಬಗೆ.

ನಾನು ಓದಿದ್ದು ಕಂಪ್ಯೂಟರ್ ವಿಜ್ಞಾನ. ಕೆಲಸ ಕರ್ನಲ್‌ನಲ್ಲಿ, ಅಂದರೆ ಯಂತ್ರದ ಉಳಿದೆಲ್ಲವನ್ನೂ ನಡೆಸುವ ಒಳಗಿನ ಪ್ರೋಗ್ರಾಮಿನಲ್ಲಿ. ಅದರೊಳಗೆ ಮಾಹಿತಿಯ ಸಾಲುಗಳಿರುತ್ತವೆ. ಸಾಲಿನ ಪ್ರತಿಯೊಂದು ಅಂಶವೂ ತನ್ನ ಮುಂದಿನದು ಯಾವುದು, ಹಿಂದಿನದು ಯಾವುದು ಎಂಬುದನ್ನಷ್ಟೇ ನೆನಪಿಟ್ಟಿರುತ್ತದೆ. ಅಕ್ಕಪಕ್ಕದವು ಒಂದನ್ನೊಂದು ಗುರುತಿಸದಿದ್ದರೆ ಸಾಲು ಕೆಟ್ಟಿದೆ ಎಂದರ್ಥ. ಆಗ ಇಡೀ ಯಂತ್ರವನ್ನು ಅಲ್ಲೇ ನಿಲ್ಲಿಸಬಹುದು, ಇಲ್ಲವೇ ಕೆಟ್ಟದ್ದನ್ನು ಕಳಚಿ ಮುಂದುವರಿಯಬಹುದು. ನಾನು ಮುಂದುವರಿಯುವ ಪಕ್ಷದವನಾಗಿದ್ದೆ.

ನಮ್ಮೂರು ನೆಲೋಗಿಯಲ್ಲಿ ನಮ್ಮ ಹೊಲ ಹಳ್ಳದ ಆಚೆಗಿದೆ. ಮಳೆಗಾಲದಲ್ಲಿ ಕಳೆ ತೆಗೆಯಲು ಹೋಗುವವರು ಕೈ ಕೈ ಹಿಡಿದು ದಾಟುತ್ತಾರೆ. ಇಳಿಯುವ ಮುನ್ನ ಒಮ್ಮೆ, ನಡುನೀರಿನಲ್ಲಿ ಮತ್ತೊಮ್ಮೆ, ಪ್ರತಿಯೊಬ್ಬರೂ ತಮ್ಮ ಮುಂದಿನವರ ಹಾಗೂ ಹಿಂದಿನವರ ಹೆಸರು ಕೂಗಬೇಕು. ಹೆಸರು ತಪ್ಪಿದರೆ ಸಾಲಿಗೆ ಸಾಲೇ ಹಿಂದಕ್ಕೆ. ಇದು ನಮ್ಮ ಮನೆತನದ ಪದ್ಧತಿ.

ಕೆಲವು ವರ್ಷಗಳ ಹಿಂದೆ ನಾಗರ ಪಂಚಮಿಗೆ ಊರಿಗೆ ಹೋಗಿದ್ದೆ. ಮಾದನಹಿಪ್ಪರಗಾಕ್ಕೆ ಕೊಟ್ಟಿದ್ದ ಮಹಾದೇವಿಯಕ್ಕನೂ ತವರಿಗೆ ಬಂದಿದ್ದಳು. ಅವಳು ನನ್ನ ಚಿಕ್ಕಪ್ಪ ಶರಣಪ್ಪ ಕಾಕಾನ ಮಗಳು. ಅವಳ ತಮ್ಮ ಮಲ್ಲು ದಿನವೂ ಸಾಲಿನಲ್ಲಿ ಕಾಕಾನ ಹಿಂದೆ ನಿಲ್ಲುವವನು.

"ಅಣ್ಣಾ, ಇವತ್ತ ನನ್ನ ಜಾಗಾದಾಗ ನೀ ನಿಂದ್ರು. ನಾ ಬುತ್ತಿ ತಗೊಂಡು ಗಾಡಿ ಮ್ಯಾಲ ಸೇತುವಿ ದಾಟಿ ಸುತ್ತ ಹಾಕಿ ಬರ್ತೇನಿ," ಎಂದ ಮಲ್ಲು. "ಅಪ್ಪಾ, ಇವನ್ನ ಗಟ್ಟಿ ಹಿಡೀರಿ. ಕಲ್ತ ಮಂದಿ ನೀರಾಗ ಭಾಳ ಹಗುರ!"

"ನೀ ಬುತ್ತಿ ಚೆಲ್ಲದಂಗ ಬಾ ಲೇ ಮೊದಲ," ಎಂದಳು ಅಕ್ಕ.

ಕಾಕಾನ ಹಿಂದೆ ನಾನು, ನನ್ನ ಹಿಂದೆ ಅಕ್ಕ, ಆಮೇಲೆ ಓಣಿಯ ಹೆಣ್ಣುಮಕ್ಕಳು. ದಂಡೆಯ ಮೇಲೆ ಕಾಕಾ, ಅಕ್ಕ ಇಬ್ಬರೂ ನನ್ನ ಹೆಸರನ್ನೇ ಕೂಗಿದರು. ನಡುನೀರಿನಲ್ಲಿ ನಿಂತಾಗ ಕಾಕಾ ಕೂಗಿದರು:

"ಹಿಂದ ಮಲ್ಲು!"

ನಾನು ನಕ್ಕು ಅವರ ಹೆಸರನ್ನೂ ಅಕ್ಕನ ಹೆಸರನ್ನೂ ಕೂಗಿದೆ. ಬೆನ್ನ ಹಿಂದಿನಿಂದ ಅಕ್ಕನ ದನಿ ಬಂತು:

"ಮುಂದ ಮಲ್ಲು!"

"ಕಾಕಾ, ನಾನಿದ್ದೇನಿ ಇಲ್ಲಿ!"

ಕಾಕಾ ತಿರುಗಿ ನೋಡಿದರು. ಕೈ ನನ್ನದನ್ನೇ ಹಿಡಿದಿದ್ದರೂ ಗುರುತು ಹತ್ತಲು ಅವರಿಗೆ ಹೊತ್ತು ಬೇಕಾಯಿತು. "ಸಾಲ ಕೆಟ್ಟದ. ಹಿಂದ ಸರೀರಿ. ಯಾರೂ ಕೈ ಬಿಡಬ್ಯಾಡ್ರಿ."

"ಒಂದ್ ಹೆಸರ ತಪ್ಪಿದ್ದಕ್ಕ ಹಿಂದ ಯಾಕ್ರಿ? ಅರ್ಧ ದಾಟೀವಿ," ಎಂದೆ. ಅವರು ಕೇಳಲಿಲ್ಲ.

ನಾವು ದಂಡೆ ಹತ್ತುವಷ್ಟರಲ್ಲಿ ಹಳ್ಳ ಏರಿತು. ನಾವು ನಿಂತಿದ್ದ ಜಾಗದ ಮೇಲೆ ಜಾಲಿಯ ಮರವೊಂದು ಬೇರುಸಮೇತ ಉರುಳಿಕೊಂಡು ಹೋಯಿತು. ಅದೇ ನೀರು ಅದಕ್ಕೂ ಮೊದಲು, ನಾವಿನ್ನೂ ನಡುನೀರಿನಲ್ಲಿದ್ದಾಗಲೇ, ಹಳ್ಳದ ಮೇಲ್ಭಾಗದ ತಗ್ಗು ಸೇತುವೆಯಲ್ಲಿ ಮಲ್ಲುವನ್ನು ಬೈಕ್ ಸಮೇತ ಎಳೆದುಕೊಂಡಿತ್ತು. ಸಂಜೆ ಅವನ ಹೆಣ ಸಿಕ್ಕಿತು. ಬುತ್ತಿಯ ಗಂಟು ಇನ್ನೂ ಬೆನ್ನಿಗೆ ಬಿಗಿದೇ ಇತ್ತು.

ರೂಢಿಯ ಮಾತು ಬಾಯಿಗೆ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಕಾನ ಮಟ್ಟಿಗೆ ಒಪ್ಪಬಹುದು. ಆದರೆ ಅಕ್ಕ ಎಷ್ಟೋ ವರ್ಷಗಳಿಂದ ಆ ಸಾಲಿನಲ್ಲಿ ನಿಂತಿರಲಿಲ್ಲ. ಆಕಸ್ಮಿಕವಾಗಿ ಕೆಟ್ಟದ್ದು ಎರಡು ಕಡೆ ಒಂದೇ ರೀತಿ ಕೆಡುವುದಿಲ್ಲ. ಎರಡೂ ಕಡೆ ಒಂದೇ ಹೆಸರಿದ್ದರೆ, ಅದನ್ನು ಯಾರೋ ಬರೆದಿದ್ದಾರೆ ಎಂದರ್ಥ. ಕರ್ನಲ್‌ನ ಲೆಕ್ಕದಲ್ಲಿ ನೋಡಿದರೆ, ತನ್ನ ತಂದೆ ಮತ್ತು ಅಕ್ಕನ ನಡುವೆ ಮಲ್ಲು ಸರಿಯಾಗಿಯೇ ಇದ್ದ. ಸಾಲಿನಲ್ಲಿ ಇಲ್ಲದವನು ನಾನು.

ಕಾಕಾ ಈಗ ಬೇರೆ ಹೇಳುತ್ತಾರೆ. "ನಿನ್ನ ಹೆಸರೇ ಕೂಗೀನಿ. ನೀರ ಬಣ್ಣ ತಿರುಗಿದ್ದು ನೋಡಿ ಹಿಂದ ಸರಿಸೀನಿ. ಮಗನ ಹೆಸರ ಕೂಗಿದ್ರ ನನಗ ನೆನಪಿರ್ತಿರಲಿಲ್ಲೇನೋ?" ಅವರ ಮುಖ ನೋಡಿದರೆ ನನ್ನ ಕಿವಿಯನ್ನೇ ಅನುಮಾನಿಸುವಂತಾಗುತ್ತದೆ. ಅಕ್ಕ ಆ ಮಾತನ್ನೇ ಎತ್ತುವುದಿಲ್ಲ. ಕೆಲಸದಲ್ಲಿ ಮಾತ್ರ, ಸಾಲು ಕೆಟ್ಟರೂ ಮುಂದುವರಿಯುವ ಕೋಡನ್ನು ನಾನೀಗ ಒಪ್ಪುತ್ತಿಲ್ಲ. ಕಾರಣ ಕೇಳಿದವರಿಗೆ ಪುಸ್ತಕದಲ್ಲಿರುವ ಕಾರಣ ಹೇಳುತ್ತೇನೆ.

ಈ ಪಂಚಮಿಗೂ ಹಳ್ಳಕ್ಕೆ ಇಳಿದೆವು. ನೀರು ಮೊಣಕಾಲಿಗೂ ಇರಲಿಲ್ಲ. ಅಕ್ಕ ನನ್ನ ಹಿಂದೆಯೇ ಇದ್ದಳು. ನಡುವಿನಲ್ಲಿ ಅವಳ ಸರದಿ ಬಂದಾಗ ಅವಳು ಕೂಗಲಿಲ್ಲ. ನನ್ನ ಕೈಯನ್ನು ಮಾತ್ರ ಬಿಗಿ ಹಿಡಿದಳು. ಕಾಕಾ ಕಾದರು. ನಾನೂ ಕಾದೆ. ಯಾವ ಹೆಸರು ಕೇಳಲು ಕಾದೆನೋ ನನಗೆ ತಿಳಿಯದು. ಕೊನೆಗೆ ಕಾಕಾ ಏನನ್ನೂ ಕೇಳದೆ ಸಾಲನ್ನು ಹಿಂದಕ್ಕೆ ತಿರುಗಿಸಿದರು.