ಅಪ್ಪ ನನಗಾಗಿ ಹಾಕಿದ ಸಹಿ

ನನ್ನ ಅಕ್ಷರ ಚೆನ್ನಾಗಿತ್ತು. ಅದರಿಂದ ನನಗಾದ ಲಾಭ ಅಷ್ಟರಲ್ಲೇ ಇತ್ತು. ನೆರೆಕರೆಯವರ ಅರ್ಜಿಗಳು, ಮದುವೆಯ ಕಾಗದಗಳ ವಿಳಾಸಗಳು ಎಲ್ಲ ನನ್ನ ತಲೆಗೇ ಬೀಳುತ್ತಿದ್ದವು. ಅಪ್ಪನ ಆದಾಯ ತೆರಿಗೆಯ ಫಾರ್ಮೂ ಹಾಗೆಯೇ ನನ್ನ ಪಾಲಿಗೆ ಬಂತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗ ಹೈಸ್ಕೂಲಿನಲ್ಲಿದ್ದೆ.

ಅಪ್ಪ ಬಂಟ್ವಾಳದ ಒಂದು ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆಗಿದ್ದರು. ಅಮ್ಮ ಮತ್ತು ನಾನು ಮೂಡುಬಿದಿರೆಯಲ್ಲಿ, ಅಮ್ಮನ ತಾಯಿಮನೆಯಲ್ಲಿ. ನಮ್ಮದು ಅಳಿಯಸಂತಾನದ ಕಟ್ಟು. ಹೆಣ್ಣು ಮದುವೆಯಾದರೂ ತಾಯಿಮನೆಯವಳೇ, ಅವಳ ಮಕ್ಕಳೂ ಆ ಮನೆಯವರೇ. ಅವರನ್ನು ಸಾಕುವುದು ಸೋದರಮಾವ. ಆ ಹೊತ್ತಿಗಾಗಲೇ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬೇರೆ ಬಿಡಾರ ಮಾಡಿದ್ದರು. ನಮ್ಮಲ್ಲಿ ಮಾತ್ರ ಹಳೆಯ ಕ್ರಮವೇ ನಡೆದಿತ್ತು. ಅಪ್ಪ ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗ್ಗಿನ ಬಸ್ಸಿಗೆ ಹೋಗುತ್ತಿದ್ದರು. ಅವರ ಸಂಬಳ ಹೋಗುತ್ತಿದ್ದದ್ದು ಬೆಳ್ತಂಗಡಿಯ ಅವರ ಅಕ್ಕನ ಮನೆಗೆ, ಅಕ್ಕನ ನಾಲ್ಕು ಮಕ್ಕಳ ಖರ್ಚಿಗೆ. ನನ್ನ ಅನ್ನ, ಬಟ್ಟೆ, ಪುಸ್ತಕ ಎಲ್ಲ ಶಾಲೆ ಮೇಷ್ಟ್ರಾಗಿದ್ದ ನನ್ನ ಮಾವನದು. ಶಾಲೆಯ ಪ್ರಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದವರೂ ಮಾವನೇ. ಇದರಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ. ಅಪ್ಪ ಎಂದರೆ ಶನಿವಾರ ಬರುವವರು, ಬರುವಾಗ ಹುರಿಗಡಲೆಯ ಪೊಟ್ಟಣ ತರುವವರು.

ಒಂದು ಶನಿವಾರ ಅವರು ಪೊಟ್ಟಣದ ಜೊತೆಗೆ ಮಡಚಿದ ಒಂದು ಇಂಗ್ಲಿಷ್ ಫಾರ್ಮು ತಂದರು. ಆ ವರ್ಷ ಸಂಬಳ ಏರಿ ಅವರು ತೆರಿಗೆ ಕಟ್ಟುವವರ ಸಾಲಿಗೆ ಬಂದಿದ್ದರು. ಗಿರಣಿಯ ಗುಮಾಸ್ತರು ವಿವರಿಸಿ ಕಳಿಸಿದ್ದರಂತೆ: ಮದುವೆಯಾಗದವನಿಗಿಂತ ಮದುವೆಯಾದವನಿಗೆ ಆದಾಯದ ಹೆಚ್ಚು ಪಾಲು ತೆರಿಗೆ ಇಲ್ಲದೆ ಉಳಿಯುತ್ತದೆ, ಅವನನ್ನು ನಂಬಿದ ಮಕ್ಕಳಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಸಂಸಾರ ದೊಡ್ಡದಾದಷ್ಟೂ ಸರಕಾರದ ಕೈ ಹಗುರ. ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ.

ಜಗಲಿಯಲ್ಲಿ ಕುಳಿತು ಬರೆಯತೊಡಗಿದೆ. ಮದುವೆಯಾಗಿದೆಯೇ ಎಂಬಲ್ಲಿ ಹೌದು ಎಂದು ಬರೆದೆ. ಅದಕ್ಕೇ ಅಪ್ಪ ಮುಜುಗರಪಟ್ಟರು. "ನಿನ್ನ ಅಮ್ಮ ಉಣ್ಣುವುದು ಭಾವನ ಅನ್ನ. ರಿಯಾಯಿತಿ ನನಗೆ," ಎಂದು ನಕ್ಕರು. ಮುಂದಿನ ಸಾಲು ಮಕ್ಕಳದು. ನಾನು ಓದಿ ಕನ್ನಡದಲ್ಲಿ ಹೇಳಿದೆ: "ಪೂರ್ತಿಯಾಗಿ ಅಥವಾ ಮುಖ್ಯವಾಗಿ ನಿಮ್ಮನ್ನೇ ಅವಲಂಬಿಸಿದ ಮಕ್ಕಳು ಎಷ್ಟು?"

"ನಾಲ್ಕು," ಎಂದರು ಅಪ್ಪ, ತಡೆಯದೆ.

ಆ ನಾಲ್ಕರಲ್ಲಿ ನಾನಿರಲಿಲ್ಲ. ಅವರಿಗೂ ಕೂಡಲೇ ತಿಳಿಯಿತು, ಮುಖ ತಿರುಗಿಸಿಕೊಂಡರು. ಅಕ್ಕನ ಮಕ್ಕಳನ್ನು ಬರೆಯುವ ಹಾಗಿಲ್ಲ, ಸ್ವಂತ ಮಕ್ಕಳೇ ಆಗಬೇಕು ಎಂದು ನಾನು ಕಾನೂನು ಬಲ್ಲವಳಂತೆ ಹೇಳಿದೆ. ಹೇಳುವಾಗ ದನಿ ಯಾಕೋ ಚೂಪಾಗಿತ್ತು.

"ಹಾಗಾದ್ರೆ ಯಾರೂ ಇಲ್ಲ ಅಂತ ಬರಿ."

"ನಾನು ಇದ್ದೇನಲ್ಲ?"

"ನೀನು ಉಂಟು ಮಗಾ. ಆದ್ರೆ ನಿನಗೆ ನಾನು ಒಂದು ಹೊತ್ತಿನ ಗಂಜಿ ಹಾಕಿದವನಲ್ಲ. ಸರಕಾರಕ್ಕೆ ಸುಳ್ಳು ಬರೆದು ಕೊಡುವುದು ಹೇಗೆ?"

ಒಂದು ಅಂತ ಬರೆದುಬಿಡಿ, ಯಾರು ಬಂದು ನೋಡ್ತಾರೆ ಎಂದು ಗುಮಾಸ್ತರೂ ಹೇಳಿದ್ದರಂತೆ. ಅಪ್ಪ ಒಪ್ಪಿರಲಿಲ್ಲ. ಗಿರಣಿಯ ತಕ್ಕಡಿ ಒಂದು ಕೂದಲೆಳೆ ವಾಲಿದರೂ ಸಹಿಸದ ಮನುಷ್ಯ ಅವರು. ಆ ಪ್ರಾಮಾಣಿಕತೆಯನ್ನು ಊರೆಲ್ಲ ಹೊಗಳುತ್ತಿತ್ತು. ನನಗೆ ಅಂದು ಅದರ ಮೇಲೆ ಕೆಟ್ಟ ಕೋಪ ಬಂತು. ಆದರೂ ನನ್ನ ಚೆಂದದ ಅಕ್ಷರದಲ್ಲಿ, ನನ್ನ ಕೈಯಾರೆ, ಮಕ್ಕಳು ಇಲ್ಲ ಎಂದು ಬರೆದು ಕೊಟ್ಟೆ.

ಅದು ಅವರನ್ನೂ ಕೊರೆದಿರಬೇಕು. ಮುಂದಿನ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ, ಒಂದು ಭಾನುವಾರ ಮಾವನ ಎದುರು ಕುಳಿತು ಮಾತು ತೆಗೆದರು. ನಾನು, ಅಮ್ಮ ಬಾಗಿಲ ಹಿಂದೆ ನಿಂತಿದ್ದೆವು.

"ಭಾವ, ಇವಳನ್ನು ಮಂಗಳೂರಿನ ಕಾಲೇಜಿಗೆ ಕಳಿಸುವ. ಫೀಸು, ಹಾಸ್ಟೆಲು ಎಲ್ಲ ನಾನು ಕೊಡ್ತೇನೆ."

ಮಾವನ ಮೇಷ್ಟ್ರ ಸಂಬಳಕ್ಕೆ ತೆರಿಗೆ ಬರುವಷ್ಟು ದೊಡ್ಡಸ್ತಿಕೆ ಇರಲಿಲ್ಲ. ಆದರೂ ಅವರು ನನಗೆ ಎಂದೂ ಒಂದು ಪುಸ್ತಕ ಕಡಿಮೆ ಮಾಡಿದವರಲ್ಲ.

"ನಾನು ಎಂತ ಕಡಿಮೆ ಮಾಡಿದ್ದೇನೆ ಭಾವ? ತಂಗಿಯ ಮಗಳನ್ನು ಸಾಕ್ಲಿಕ್ಕೆ ಇವನಿಗೆ ಆಗ್ಲಿಲ್ಲ ಅಂತ ನಾಳೆ ನಾಲ್ಕು ಜನ ಹೇಳುವುದು ಬೇಡ."

"ಛೆ, ಹಾಗಲ್ಲ ಭಾವ. ಆ ಫಾರ್ಮಿನಲ್ಲಿ ಇವಳನ್ನು ಬರೀಲಿಕ್ಕೆ ಆಗುವುದಿಲ್ಲ..."

"ಫಾರ್ಮಿಗೋಸ್ಕರ ಮಗಳಾ?" ಎಂದರು ಮಾವ.

ತಾನು ಹೇಳಬೇಕೆಂದಿದ್ದದ್ದು ಅದಲ್ಲ, ಅದರ ಉಲ್ಟಾ, ಮಗಳಿಗೋಸ್ಕರ ಫಾರ್ಮು, ಎಂದು ಅಪ್ಪನಿಗೆ ಹೇಳಲು ಬರಲಿಲ್ಲ. ಅಮ್ಮ ಒಳಗೆ ಹೋಗಿ ಸೌದೆ ಮುಂದಕ್ಕೆ ನೂಕತೊಡಗಿದಳು. ಅಣ್ಣನ ಕಡೆ ಮಾತಾಡಿದರೆ ಗಂಡನಿಗೆ ನೋವು, ಗಂಡನ ಕಡೆ ಮಾತಾಡಿದರೆ ಅಣ್ಣನಿಗೆ ಅವಮಾನ. ಮೂವರೂ ಒಳ್ಳೆಯವರು. ಅದೇ ಕಷ್ಟವಾಗಿದ್ದದ್ದು, ಯಾರ ಮೇಲಾದರೂ ಹರಿಹಾಯೋಣವೆಂದರೆ ಅಲ್ಲಿ ಕೆಟ್ಟವರೇ ಇರಲಿಲ್ಲ. ನಾನು ಮಂಗಳೂರಿಗೆ ಹೋಗಲಿಲ್ಲ. ಮಾವನೇ ಓಡಾಡಿ, ಅಲ್ಲೇ ಹತ್ತಿರದ ಒಂದು ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಕೊಡಿಸಿದರು. ಒಂದು ಮಳೆಗಾಲ ಕಳೆದು ಸೇರಬೇಕಿತ್ತು.

ನಡುವೆ ಮತ್ತೆ ಫಾರ್ಮು ಬಂತು. ಕೆಲಸಕ್ಕೆ ಸೇರಿದ ಮೇಲೆ ನಾನು ಯಾರನ್ನೂ ಅವಲಂಬಿಸಿದವಳಾಗಿ ಉಳಿಯುವುದಿಲ್ಲ, ಇದೇ ಕೊನೆಯ ಸಲ ಎಂದು ನನಗೆ ಗೊತ್ತಿತ್ತು. ಅಪ್ಪನನ್ನು ಕೇಳಲೇ ಇಲ್ಲ. ಮಕ್ಕಳ ಸಾಲಿನಲ್ಲಿ ಒಂದು ಎಂಬ ಅಂಕಿ ಬರೆದು ಸಹಿಗೆ ಕೊಟ್ಟೆ.

ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಅವರ ಕಣ್ಣು ತಪ್ಪಿಸುವುದಿಲ್ಲ. ತುಂಬಾ ಹೊತ್ತು ಅದನ್ನೇ ನೋಡಿದರು. ಸಹಿ ಹಾಕಿಬಿಡುತ್ತಾರೆ ಎಂದು ನಾನು ಕಾದೆ.

"ಇದನ್ನು ಹೊಡೆದು ಹಾಕು ಮಗಾ."

"ನನ್ನಿಂದ ಆಗುವುದಿಲ್ಲ."

ಅವರು ಪೆನ್ನು ತೆಗೆದುಕೊಂಡು ತಾವೇ ಅದರ ಮೇಲೆ ಗೆರೆ ಎಳೆದರು. ತಿದ್ದಿದಲ್ಲೆಲ್ಲ ಪಕ್ಕದಲ್ಲಿ ಸಹಿ ಇರಬೇಕು ಎಂಬುದು ಗಿರಣಿಯಲ್ಲಿ ಅವರು ಕಲಿತ ಶಿಸ್ತು. ಹೊಡೆದು ಹಾಕಿದ ಒಂದರ ಪಕ್ಕದಲ್ಲಿ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಶಾಲೆಯ ಕಾಗದಗಳಲ್ಲಿ, ಆಮೇಲೆ ನನ್ನ ಮದುವೆಯ ಕಾಗದಗಳಲ್ಲಿ ಸಹಿ ಇರುವುದೆಲ್ಲ ಮಾವನದು. ನನಗೆ ಸಂಬಂಧಪಟ್ಟು ಅಪ್ಪ ಹಾಕಿದ ಸಹಿ ಅದೊಂದೇ.